ನಾಲ್ಕು ಗಂಟೆಯ ಕೋಡಿ

ಎರಡನೇ ಶಕೆ, ನೂರಾ ತೊಂಬತ್ತನೇ ವರ್ಷ, ಮರುಶ್ರಾವಣ ಮಾಸದ ಮೂವತ್ತನಾಲ್ಕನೇ ದಿನ
ಹಿರೇಮಡು ಕೆರೆಸೀಮೆ, ಏರಿ ಮೇಲಿನ ಕಚೇರಿ

ನಮಗಿಂತ ಮೊದಲು ಈ ಕೆರೆಯ ನೀರು ಕುಡಿದ ಹಿರಿಯರಿಗೆ, ಕೋಡಿಯ ಮೇಲ್ವಿಚಾರಕಿ ತಲೆ ತಗ್ಗಿಸಿ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಶ್ರಾವಣ ಒಂದೇ ಇತ್ತಂತೆ, ಅದರಲ್ಲೇ ಮಳೆಯೂ ಬರುತ್ತಿತ್ತಂತೆ. ನಮ್ಮ ಮೊದಲನೇ ಶ್ರಾವಣ ಬರೀ ಗಾಳಿಗೆ ಮೀಸಲು. ಮಳೆಗೆಂದು ಆಮೇಲೆ ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ, ಅದೇ ಮರುಶ್ರಾವಣ. ಆಕಾಶದಲ್ಲಿ ಮೋಡ ಇರುವಷ್ಟು ದಿನ ಆ ತಿಂಗಳು ಮುಗಿಯುವುದಿಲ್ಲ. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಬರಹದ ಕನ್ನಡವನ್ನು ನಾನು ಕಲಿತದ್ದು ಏರಿಯ ಮೇಲೆ ನೆಟ್ಟಿರುವ ವಿವರಣೆ ಫಲಕಗಳಿಂದ. ಅಲ್ಲಲ್ಲಿ ಫಲಕದ ವಾಸನೆ ಬಂದರೆ ಸಹಿಸಿಕೊಳ್ಳಿ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಂದು ಊರಿಗೆ ಒಂದು ತಲೆಮಾರಿನಲ್ಲಿ ಒಂದೇ ಕಾಗದ, ಅದಕ್ಕೆ ಮಾರುತ್ತರ ಬರುವ ದಾರಿಯಿಲ್ಲ. ಅದು ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡಿ. ನಿಮ್ಮ ಕೈಯಲ್ಲಿದ್ದ ಫೋನು ಹೇಗೆ ಮಾತಾಡುತ್ತದೆಂದು ನಿಮಗೆ ಎಷ್ಟು ಗೊತ್ತಿತ್ತೋ ನನಗೂ ಅಷ್ಟೇ ಗೊತ್ತು. ಈ ವರ್ಷ ಹಿರೇಮಡುವಿನ ಸರದಿ. ನಮ್ಮ ಪರಂಪರೆ ಮಂಡಳಿಯವರು ನನ್ನನ್ನು ಕರೆದು, ಪ್ರದರ್ಶನಕ್ಕೆ ಇಡುವಂಥ ಒಳ್ಳೆಯ ಸಾಮಾನುಗಳನ್ನು ಏರಿಯಲ್ಲಿ ಹೂತಿಡುವಂತೆ ಹಿರಿಯರಿಗೆ ಬರೆ, ಹಂಡೆ, ಬೀಸುಕಲ್ಲು, ಕೊನೆಗೆ ಒಂದು ಒಳ್ಳೆಯ ಚೊಂಬಾದರೂ ಆದೀತು ಎಂದು ಹೇಳಿಕೊಟ್ಟರು. ಆ ಕಾಗದ ನಾನು ಬರೆಯುತ್ತಿಲ್ಲ. ನಿಮ್ಮಿಂದ ಇನ್ನೂ ಸಾಮಾನು ಕೇಳಲು ನಮಗೆ ಮುಖವಿಲ್ಲ. ನನ್ನ ದೊಡ್ಡವ್ವ ಹಾಲಮ್ಮನಿಗೋಸ್ಕರ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಕೇಳುವ ಮೊದಲು ನಾವು ಮಾಡಿದ್ದನ್ನು ಹೇಳಬೇಕಲ್ಲ, ಹೇಳುತ್ತೇನೆ.

ನಮ್ಮ ಸೀಮೆಯಲ್ಲಿ ಈಗ ಬೇಸಾಯವಿಲ್ಲ. ಕೆರೆಯ ಕೆಳಗಿನ ಗದ್ದೆಬಯಲು ಅಷ್ಟೂ ಗಾಳಿಬಂಡಿಗಳು ಬಂದಿಳಿಯುವ ಬಯಲಾಗಿದೆ. ಸೂರುಪಟ್ಟಣಗಳ ಜನ ನಮ್ಮಲ್ಲಿಗೆ ಬರುತ್ತಾರೆ. ಸೂರುಪಟ್ಟಣ ಎಂದರೆ ಇಡೀ ಊರಿಗೆ ಒಂದೇ ಮಾಡು ಹೊದಿಸಿದ ಪಟ್ಟಣ. ಅಲ್ಲಿ ಹುಟ್ಟಿದ ಮಕ್ಕಳು ನಮ್ಮ ಏರಿಯ ಮೇಲೆ ಇಳಿದು, ಮೈಗೆ ಗಾಳಿ ತಗುಲಿದ ಕೂಡಲೇ ಅಳಲು ಶುರು ಮಾಡುತ್ತವೆ. ಹೀಗೆ ನೋಡಲು ಬರುವವರನ್ನು ನಾವು ನೋಟಿಗರು ಎನ್ನುತ್ತೇವೆ. ನೋಟಿಗರಿಗೆ ಎಲ್ಲವೂ ಹಳೆಯದಾಗಿ ಕಾಣಬೇಕು. ಆದ್ದರಿಂದ ಏರಿಯ ಮೇಲೆ ನಾವು ಹಳೇ ಬಟ್ಟೆ ಉಡುತ್ತೇವೆ, ಹಳೇ ಮಾತೇ ಆಡುತ್ತೇವೆ, ಹಳೇ ಹೆಸರು ಇಟ್ಟುಕೊಳ್ಳುತ್ತೇವೆ. ನನ್ನ ಏರಿ ಹೆಸರು ತಿಪ್ಪಕ್ಕ. ಮಧ್ಯಾಹ್ನದ ಊಟಕ್ಕೆ ರಾಗಿಮುದ್ದೆ, ಅದನ್ನು ಅಚ್ಚಿನಲ್ಲಿ ಒತ್ತುತ್ತಾರೆ. ಅಗಿಯಬೇಡಿ, ನುಂಗಿ ಎಂದು ಕಲಿಸಿಕೊಡುವುದಕ್ಕೇ ಒಬ್ಬರನ್ನು ನೇಮಿಸಿದ್ದೇವೆ. ಹರಿಗೋಲು ಹಳಿಯ ಮೇಲೆ ಓಡುತ್ತದೆ, ಮುಳುಗುವ ಭಯವಿಲ್ಲ.

ನೀವು ಬಿಟ್ಟುಹೋದದ್ದನ್ನೂ ಜೋಪಾನವಾಗಿ ಇಟ್ಟಿದ್ದೇವೆ. ಏರಿಯ ಒಂದು ತುದಿಯಲ್ಲಿ ವೀರಗಲ್ಲುಗಳಿವೆ, ಅವು ನಿಮಗೂ ಹಳೆಯವು. ಇನ್ನೊಂದು ತುದಿಯಲ್ಲಿ ನಿಮ್ಮ ಕಾಲದ ದೊಡ್ಡ ಅಕ್ಷರಗಳ ಫಲಕವಿದೆ: ಮೊದಲು ಒಂದು ನೆಟ್ಟಗಿನ ಗೆರೆ, ಆಮೇಲೆ ಕೆಂಪು ಹೃದಯ, ಆಮೇಲೆ ಊರಿನ ಹೆಸರು. ಇದೂ ಯಾರೋ ಪ್ರೇಮಿ ಪ್ರಾಣ ಬಿಟ್ಟ ಜಾಗದ ಕಲ್ಲೇ ಇರಬೇಕೆಂದು ನಮ್ಮ ಪಂಡಿತರು ತೀರ್ಮಾನಿಸಿದ್ದಾರೆ. ನೋಟಿಗರು ಚಪ್ಪಲಿ ಬಿಟ್ಟು ಅದರ ಮುಂದೆ ನಿಲ್ಲುತ್ತಾರೆ. ಹಂಸದ ಆಕಾರದ ಒಂದು ತುಳಿಯುವ ದೋಣಿಯೂ ಸಿಕ್ಕಿತ್ತು, ಅದು ಯಾವ ದೇವತೆಯ ವಾಹನವೆಂಬ ಬಗ್ಗೆ ಇನ್ನೂ ಜಗಳ ನಡೆದಿದೆ. ನನಗೆ ಬೇರೆ ಗುಮಾನಿ ಇದೆ, ಆದರೆ ಮೇಲ್ವಿಚಾರಕಿಯ ಗುಮಾನಿ ಯಾರಿಗೆ ಬೇಕು.

ಇವೆಲ್ಲ ಚಿಲ್ಲರೆ. ನೋಟಿಗರು ನಿಜಕ್ಕೂ ಬರುವುದು ಕೋಡಿ ನೋಡಲು. ಕೆರೆ ತುಂಬಿ, ನೀರು ಕಲ್ಲುಕಟ್ಟೆ ಮೀರಿ ಹೊರಗೆ ಧುಮುಕುವುದನ್ನು ಕೋಡಿ ಬೀಳುವುದು ಎನ್ನುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮಗೆ ಅದು ಮಳೆಯ ಕೃಪೆ ಇದ್ದ ವರ್ಷ ಮಾತ್ರ. ನಮ್ಮಲ್ಲಿ ದಿನಾ ನಾಲ್ಕು ಗಂಟೆಗೆ. ಕೆಳಗಿನ ಹೊಂಡದ ನೀರನ್ನೇ ಕೊಳವೆಯಲ್ಲಿ ಮೇಲಕ್ಕೆ ತಂದು ಕಟ್ಟೆ ದಾಟಿಸುತ್ತೇವೆ. ಇದಕ್ಕೆ ಸುತ್ತುನೀರು ಎಂದು ಹೆಸರು. ನೀರು ಬೀಳತೊಡಗಿದ ಕೂಡಲೇ ಕೊಟ್ರೇಶಿ ಎಂಬವನು ಪೇಟ ಸುತ್ತಿಕೊಂಡು "ಕೋಡಿ ಬಿತ್ತು! ಕೋಡಿ ಬಿತ್ತು!" ಎಂದು ಕೂಗುತ್ತ ಏರಿಯ ಉದ್ದಕ್ಕೂ ಓಡಿಬರುತ್ತಾನೆ. ಮೊದಲು ಸುದ್ದಿ ತಂದವನಿಗೆ ಊರಗೌಡರು ಪಂಚೆ ಕೊಡುತ್ತಿದ್ದರಂತೆ, ಆದ್ದರಿಂದ ಮಂಡಳಿಯ ಅಧ್ಯಕ್ಷರು ಅವನಿಗೆ ದಿನಾ ಪಂಚೆ ಕೊಡುತ್ತಾರೆ, ದಿನಾ ವಾಪಸು ತೆಗೆದುಕೊಳ್ಳುತ್ತಾರೆ. ಆಮೇಲೆ ನೋಟಿಗರ ಹೆಂಗಸರು ಸಾಲಾಗಿ ನಿಂತು ಗಂಗವ್ವನಿಗೆ ಬಾಗಿನ ಬಿಡುತ್ತಾರೆ. ಕೇರುವ ಮರದಲ್ಲಿ ಬಳೆ, ಅರಿಶಿನ, ಕುಂಕುಮ, ರವಿಕೆ ಕಣ, ತೆಂಗಿನಕಾಯಿ, ಎಲ್ಲ ಇರುತ್ತದೆ. ಆದರೆ ಕೆಳಗೆ ನೋಟಿಗರಿಗೆ ಕಾಣದ ತಿರುವಿನಲ್ಲಿ ಒಂದು ಬಲೆ ಕಟ್ಟಿದ್ದೇವೆ. ಬಾಗಿನಗಳು ಅಲ್ಲಿ ಬಂದು ನಿಲ್ಲುತ್ತವೆ. ಅವನ್ನು ಎತ್ತಿ, ಒರೆಸಿ, ಒಣಗಿಸಿ, ಮಾರನೇ ದಿನದವರ ಕೈಗೆ ಕೊಡುತ್ತೇವೆ. ಬಲೆ ಹಾಕಿಸಿದ್ದು ನಾನೇ, ಅದಕ್ಕಾಗಿ ನನ್ನನ್ನು ಬಹಳ ಹೊಗಳಿದ್ದರು.

ಹಾಲಮ್ಮ ನನ್ನ ತಾಯಿಯ ಅಕ್ಕ, ನನ್ನನ್ನು ಸಾಕಿದವಳು. ಅವಳದು ಹುಟ್ಟಿನ ಹೆಸರೇ, ಏರಿ ಹೆಸರಲ್ಲ. ಅವಳ ಅಜ್ಜಿ ಹುಡುಗಿಯಾಗಿದ್ದಾಗ ಹಿರೇಮಡುವಿನ ಕೋಡಿ ತಾನಾಗಿ ಬಿದ್ದಿತ್ತು. ಮುಂದಿನ ಕೋಡಿಗೆ ಇರಲೆಂದು ಆ ಅಜ್ಜಿ ಒಂದು ಜೊತೆ ಬಿದಿರಿನ ಮರ ತಂದಿಟ್ಟಳು. ಆಮೇಲೆ ನಮ್ಮ ಸೀಮೆಯ ಬಿದಿರು ಹೂಬಿಟ್ಟು ಹೋಯಿತು, ಮರ ಹೆಣೆಯುವವರೂ ಹೋದರು, ಕೋಡಿ ಮಾತ್ರ ಬೀಳಲಿಲ್ಲ. ಮರಗಳು ಅಜ್ಜಿಯಿಂದ ಮಗಳಿಗೆ, ಮಗಳಿಂದ ಹಾಲಮ್ಮನಿಗೆ ಬಂದವು. ಪ್ರತಿ ಮರುಶ್ರಾವಣದಲ್ಲೂ ದೊಡ್ಡವ್ವ ಅವನ್ನು ಅಟ್ಟದಿಂದ ಇಳಿಸಿ, ಅರಿಶಿನ ಸವರಿ, ಬಳೆ ಜೋಡಿಸಿ, ಮೋಡ ಮುಗಿದ ಮೇಲೆ ಮತ್ತೆ ಮೇಲಿಡುತ್ತಿದ್ದಳು. ಬಾಗಿನ ಮುತ್ತೈದೆಯರು ಕೊಡಬೇಕೆಂಬುದು ನಿಮ್ಮ ಕಾಲದ ಕಟ್ಟಳೆಯಂತೆ. ನಮ್ಮ ಮನೆಯ ಕಟ್ಟಳೆ, ಕಾದವರು ಕೊಡಬೇಕು ಎಂದು. ಒಂದು ಸಲ ನಾನು, ಕಾಯುವುದು ಯಾಕೆ, ನಾಲ್ಕು ಗಂಟೆಗೆ ಬಂದು ಎಲ್ಲರ ಜೊತೆ ಬಿಟ್ಟುಬಿಡು ಎಂದಿದ್ದೆ. "ಬಲೆಗೆ ಬಿದ್ದ ಬಾಗ್ನ ಯಾವ ಗಂಗವ್ವಂಗೆ ಮುಟ್ತೈತೆ? ಕೊಟ್ಟಿದ್ನ ಕಿತ್ಕಣೋ ನಿಮಗೆ ನಾಚ್ಕೆ ಆಗಲ್ವೇನೇ?" ಎಂದಿದ್ದಳು. ನಾನು ನಕ್ಕಿದ್ದೆ. ಮುದುಕಿಯ ಮಾತು, ಏರಿಯ ಮೇಲೆ ಹೇಳಿದರೆ ನೋಟಿಗರು ಚಪ್ಪಾಳೆ ತಟ್ಟುತ್ತಾರೆ ಎಂದುಕೊಂಡಿದ್ದೆ.

ಈ ಮರುಶ್ರಾವಣದಲ್ಲಿ ಮೇಲಿನ ಗುಡ್ಡಗಳಲ್ಲಿ ಮಳೆ ಹಿಡಿಯಿತು. ನಮ್ಮಲ್ಲಿ ಬರೀ ತುಂತುರು, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆರೆಗೆ ಬರುವ ಹಳ್ಳದ ಪಾತ್ರದಲ್ಲಿ ನೋಟಿಗರು ಅಡ್ಡಾಡಲು ಕಲ್ಲುಹಾದಿ ಮಾಡಿದ್ದೇವೆ; ಅದು ಕೆಂಪು ನೀರಿನಲ್ಲಿ ಮುಳುಗಿದೆ ಎಂದು ಕಾವಲಿನವರು ಹೇಳಿದಾಗ, ಹಾದಿಗೆ ಹಗ್ಗ ಕಟ್ಟಿಸಿ ಸುಮ್ಮನಾದೆ. ಒಂದು ಬೆಳಿಗ್ಗೆ, ಏರಿಯ ತುಂಬ ಜನ ಇರುವಾಗ, ಕೊಟ್ರೇಶಿ ಕಚೇರಿಗೆ ನುಗ್ಗಿದ. ಅವನು ನನ್ನ ಓರಗೆಯವನು, ಮೊಮ್ಮಗಳನ್ನು ಕಂಡವನು. ತಲೆಗೆ ಪೇಟವಿಲ್ಲ, ಮೊಣಕಾಲಿನವರೆಗೆ ಕೆಸರು.

"ಅಕ್ಕಾ, ಕೋಡಿ ಬಿತ್ತು!" ಎಂದ.

"ಲೋ ಕೊಟ್ರೇಶಿ, ಇನ್ನೂ ಊಟದ ಹೊತ್ತಾಗಿಲ್ಲ. ಪೇಟ ಎಲ್ಲೋ? ನೋಟಿಗ್ರ ಮುಂದೆ ಹಿಂಗಾ ಬರೋದು?"

"ಅಲ್ಲಕ್ಕಾ, ನಾವು ಬಿಟ್ಟಿದ್ದಲ್ಲ. ತಾನಾಗೇ ಬಿದ್ದೈತೆ."

"ತಾನಾಗೇ ಬೀಳಾಕೆ ಅದೇನು ಮಾವಿನಹಣ್ಣೇನೋ?" ಎಂದೆ ನಾನು. ಕಚೇರಿಯಲ್ಲಿದ್ದವರೆಲ್ಲ ನಕ್ಕರು. ದಿನಾ ಅದನ್ನೇ ಕೂಗಿ ಕೂಗಿ, ಪಾಪ, ಅವನ ಬಾಯಲ್ಲಿ ಆ ಮಾತಿಗೆ ಬೆಲೆಯೇ ಇಲ್ಲದಂತೆ ಮಾಡಿಟ್ಟಿದ್ದೆವು. ಅವನು ಕೆಸರಾದ ಕೈ ಚಾಚಿ ಕಿಟಕಿಯ ಕಡೆ ತೋರಿಸಿದ.

ಕಿಟಕಿಯಿಂದ ನೋಡಿದೆ. ಕಟ್ಟೆಯ ಉದ್ದಕ್ಕೂ ನೀರು ಬೀಳುತ್ತಿತ್ತು. ಸುತ್ತುನೀರು ತಿಳಿಹಸಿರು, ತೆಳ್ಳಗೆ, ಪರದೆ ಇಳಿಬಿಟ್ಟ ಹಾಗೆ ಬೀಳುತ್ತದೆ. ಇದು ಕೆಂಪಗೆ, ದಪ್ಪಗೆ, ಕಸಕಡ್ಡಿ ಹೊತ್ತುಕೊಂಡು, ಇಡೀ ಏರಿ ನಡುಗುವಂತೆ ಬೀಳುತ್ತಿತ್ತು. ಅಲ್ಲಿ ನಿಂತಿದ್ದ ಮಕ್ಕಳು ಕುಣಿಯುತ್ತಿದ್ದವು. ಹಿರಿಯರೇ, ನಿಮಗೆ ನಂಬಿಕೆ ಬರಲಿಕ್ಕಿಲ್ಲ, ಇದು ನಿಜವಾದ ಕೋಡಿ ಎಂದು ನನಗೆ ಹೊಳೆಯಲೇ ಇಲ್ಲ. ಹುಟ್ಟಿದಾಗಿನಿಂದ ನನಗೆ ಕೋಡಿ ಎಂದರೆ ನಾಲ್ಕು ಗಂಟೆಗೆ ನಾವು ಬೀಳಿಸುವ ವಸ್ತು. ನಾವು ಬೀಳಿಸದೆ ಬಿದ್ದದ್ದು ದೋಷ ಎಂದೇ ಕಂಡಿತು. ಧ್ವನಿವರ್ಧಕ ಹಾಕಿದೆ. ಅಂದು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಓದಿಕೊಳ್ಳಿ: "ಮಾನ್ಯ ನೋಟಿಗರೇ, ತಾಂತ್ರಿಕ ದೋಷದಿಂದ ಕೋಡಿ ಅವೇಳೆಯಲ್ಲಿ ಬಿದ್ದಿದೆ. ಅಡಚಣೆಗೆ ವಿಷಾದಿಸುತ್ತೇವೆ. ನಿಜವಾದ ಕೋಡಿ ಎಂದಿನಂತೆ ನಾಲ್ಕು ಗಂಟೆಗೆ." ಹೇಳಿ ಮುಗಿಸಿ, ದೊಡ್ಡ ತೂಬು ತೆಗೆಸಿದೆ.

ನಿಮ್ಮ ಕಾಲದಲ್ಲಿ ತೂಬು ತೆಗೆದರೆ ನೀರು ಕಾಲುವೆಗೆ ಹೋಗಿ ಗದ್ದೆ ಸೇರುತ್ತಿತ್ತು. ನಮ್ಮಲ್ಲಿ ಕಾಲುವೆಯೂ ಇಲ್ಲ, ಗದ್ದೆಯೂ ಇಲ್ಲ. ನೀರು ಬಂಡಿಬಯಲ ಪಕ್ಕದ ಕೊರಕಲಿಗೆ ಬಿದ್ದು, ಹೇಳಹೆಸರಿಲ್ಲದೆ ಹೋಯಿತು. ಕೆರೆ ಇಳಿಯಿತು. ಕೋಡಿಯ ಸದ್ದು ಕಮ್ಮಿಯಾಗುತ್ತ ಬಂದು, ನಿಂತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ನಮ್ಮ ಗಾದೆ ಫಲಕದಲ್ಲಿ ಚೆಂದವಾಗಿ ಬರೆಸಿ ಹಾಕಿದ್ದೇನೆ. ಪೂಜಾರಿ ಯಾರೆಂದು ನನಗೆ ಆವತ್ತು ಗೊತ್ತಾಯಿತು.

ಯಾಕೆಂದರೆ ಆಗ ದೊಡ್ಡವ್ವ ಬಂದಳು. ಏರಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅವಳಿಗೆ ಯಾರೂ ಸುದ್ದಿ ಹೇಳಿರಲಿಲ್ಲ. ಸದ್ದು ಕೇಳಿಸಿತ್ತು, ಅಷ್ಟೇ. ಎಂದೂ ಕೇಳದ ಸದ್ದನ್ನು ಅವಳು ಹೇಗೆ ಗುರುತಿಸಿದಳೋ ಕಾಣೆ. ಮರ ಇಳಿಸಿ, ಅಕ್ಕಿ, ಬೇಳೆ, ಬೆಲ್ಲ, ಬಳೆ, ಕಣ, ಕಾಯಿ ಎಲ್ಲ ತುಂಬಿ, ಮೇಲೆ ಇನ್ನೊಂದು ಮರ ಮುಚ್ಚಿ, ಸೆರಗಿನಲ್ಲಿ ಹಿಡಿದುಕೊಂಡು, ಯಾರ ಕೈಗೂ ಕೊಡದೆ ಒಂದೊಂದೇ ಹೆಜ್ಜೆ ಹಾಕಿಕೊಂಡು ಬಂದಿದ್ದಳು. ನೋಟಿಗರು, ಇದೂ ಆಟದ ಭಾಗವೆಂದು ದಾರಿ ಬಿಟ್ಟರು. ಕೆಲವರು ಚಪ್ಪಾಳೆ ತಟ್ಟಿದರು. ಅವಳು ಕಟ್ಟೆಯ ಹತ್ತಿರ ಹೋಗಿ ನಿಂತಾಗ ಅಲ್ಲಿ ಒದ್ದೆ ಕಲ್ಲು ಮಾತ್ರ ಇತ್ತು.

ನಾನು ಓಡಿಹೋದೆ. ಅವಳ ಕೈಯಲ್ಲಿ ಆ ಮರಗಳನ್ನು ಕಂಡ ಮೇಲೆ ನನಗೆ ಹೊಳೆಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ತೂಬು ಮುಚ್ಚಿ ಎಂದು ಕೂಗಿಕೊಂಡೆ. ಮುಚ್ಚಿದರು, ಆದರೆ ಅಷ್ಟು ಹೊತ್ತಿಗೆ ಹಳ್ಳವೂ ಸೋತುಹೋಗಿತ್ತು. ದೊಡ್ಡವ್ವ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ ಹೇಳಿದಳು: "ಬಾಗ್ಲಿಗೆ ಬಂದ ಮನೆಮಗಳ್ನ ನಿಲ್ಸಿ, ಹಿತ್ಲ ಕಡೆಯಿಂದ ಕಳಿಸಿಬಿಟ್ರಲ್ಲೇ."

ಕೆರೆಯಲ್ಲಿ ಇನ್ನೂ ಗಂಗವ್ವನದೇ ನೀರಿದೆ, ಒಳಗೇ ಬಿಟ್ಟುಬಿಡು ದೊಡ್ಡವ್ವ ಎಂದೆ. "ಹೋಗೋಳ ಬೆನ್ನಿಗೆ ಕುಂಕುಮ ಇಡಾಕೆ ಬರ್ತದೇನೆ?" ಎಂದು, ಬಾಗಿನ ಹಿಡಿದುಕೊಂಡೇ ಕಟ್ಟೆಯ ಪಕ್ಕ ಕೂತಳು. ನಾನು ಅವಳ ಜೊತೆ ಕೂರಬೇಕಿತ್ತು. ಕೂರಲಿಲ್ಲ, ನನಗೆ ಕೆಲಸವಿತ್ತು. ನಾಲ್ಕು ಗಂಟೆಗೆ ಸುತ್ತುನೀರು ಬಿಟ್ಟೆವು. ಕೊಟ್ರೇಶಿ ಕಾಲು ತೊಳೆದು, ಪೇಟ ಸುತ್ತಿ, ಕೋಡಿ ಬಿತ್ತು ಎಂದು ಓಡಿಬಂದ. ಅವನ ದನಿ ಏಳಲಿಲ್ಲ, ನಾನು ದೂರದಿಂದಲೇ ಕೈಮಾಡಿ ಜೋರಾಗಿ ಕೂಗಲು ಹೇಳಿದೆ. ಬಾಗಿನ ಬಿಟ್ಟರು, ಬಲೆಯಿಂದ ಎತ್ತಿದೆವು. ದೊಡ್ಡವ್ವ ಇದನ್ನೆಲ್ಲ ಕೂತಲ್ಲಿಂದಲೇ ನೋಡಿದಳು. ಆಮೇಲೆ ಎದ್ದು ಮನೆಗೆ ಹೋದಳು.

ಆ ವಾರದ ಕೊನೆಗೆ ಮಂಡಳಿಯವರು ನನಗೆ ಸನ್ಮಾನ ಮಾಡಿದರು. ದೋಷವನ್ನು ಬೇಗ ಸರಿಪಡಿಸಿದ್ದಕ್ಕೆ, ವೇಳಾಪಟ್ಟಿ ತಪ್ಪದಂತೆ ನೋಡಿಕೊಂಡದ್ದಕ್ಕೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಎಂದರು. ಬೇಡ ಎನ್ನುವ ಧೈರ್ಯ ಬರಲಿಲ್ಲ. ಕೈಮುಗಿದೆ, ಬಗ್ಗಿ ಶಾಲು ಹೊದಿಸಿಕೊಂಡೆ, ಎರಡು ಮಾತನ್ನೂ ಆಡಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದಿರಿ ನೀವು. ನಮ್ಮದು ಹೋದದ್ದು ಒಂದು ಶಾಲಿಗೆ. ನನ್ನೊಬ್ಬಳದೇ ಎಂದು ಅಂದುಕೊಳ್ಳಬೇಡಿ. ಅಂದು ಏರಿಯ ಮೇಲೆ ನಮ್ಮ ಊರಿನವರು ಅಷ್ಟೊಂದು ಜನ ಇದ್ದರು, ಎಲ್ಲರೂ ಪರಂಪರೆಯ ಬಟ್ಟೆ ಉಟ್ಟಿದ್ದರು, ಗಂಗವ್ವ ಬಂದಿದ್ದಾಳೆ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಪೇಟ ಇಲ್ಲದ ಕೊಟ್ರೇಶಿಯನ್ನು ಬಿಟ್ಟು.

ಮಳೆ ಲೆಕ್ಕದವರನ್ನು ವಿಚಾರಿಸಿದೆ. ಗುಡ್ಡಕ್ಕೆ ಇಂಥ ಮಳೆ ಇನ್ನು ಬಂದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಎಂದರು. ದೊಡ್ಡವ್ವನಿಗೆ ಅಷ್ಟು ಆಯಸ್ಸಿಲ್ಲ. ಅಂದಿನಿಂದ ಅವಳು ಹಾಸಿಗೆ ಹಿಡಿದಿದ್ದಾಳೆ. ಬಾಗಿನ ಬಿಚ್ಚಿಲ್ಲ, ಅಟ್ಟಕ್ಕೂ ಏರಿಸಿಲ್ಲ, ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ. ನನ್ನನ್ನು ಬೈಯುವುದಿಲ್ಲ. ಬೈದರೆ ಎಷ್ಟೋ ಹಗುರವಾಗುತ್ತಿತ್ತು.

ಹಿರಿಯರೇ, ನನ್ನ ಕೋರಿಕೆ ಇಷ್ಟೇ. ನಿಮ್ಮ ಕಾಲದಲ್ಲಿ ಕೋಡಿ ಇನ್ನೂ ತಾನಾಗಿ ಬೀಳುತ್ತದೆ. ಪ್ರತಿ ವರ್ಷ ಅಲ್ಲದಿರಬಹುದು, ಇದೇ ಕೆರೆಯಲ್ಲದಿದ್ದರೂ ಪರವಾಗಿಲ್ಲ, ನೀವಿರುವಲ್ಲಿ ಯಾವ ಕೆರೆ ತುಂಬಿದರೂ ಆದೀತು. ಕೋಡಿ ಬಿತ್ತೆಂದು ಯಾರಾದರೂ ಓಡಿಬಂದರೆ ಅವರ ತಲೆಯ ಮೇಲೆ ಏನಿದೆ, ಹೊತ್ತೆಷ್ಟಾಗಿದೆ ಎಂದು ನೋಡಬೇಡಿ, ಎದ್ದು ಹೋಗಿ. ಹೋಗುವಾಗ ಒಂದು ಜೊತೆ ಮರದಲ್ಲಿ ಬಾಗಿನ ತುಂಬಿಕೊಂಡು ಹೋಗಿ, ಹಿರೇಮಡುವಿನ ಹಾಲಮ್ಮನದು ಎಂದು ಹೇಳಿ ನೀರಿಗೆ ಬಿಡಿ. ಅವಳು ಇನ್ನೂ ಹುಟ್ಟಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ಹುಟ್ಟುತ್ತಾಳೆ, ಬಹಳ ಕಾಯುತ್ತಾಳೆ ಎಂದು ಹೇಳಿ.

ನೀವು ಕೊಟ್ಟಿರೋ ಇಲ್ಲವೋ ನನಗೆ ತಿಳಿಯುವ ದಾರಿಯಿಲ್ಲ. ಆದರೂ ಈ ದಿನ ಬೆಳಿಗ್ಗೆ ಅವಳ ಹಾಸಿಗೆಯ ಪಕ್ಕ ಕೂತು ಇದನ್ನು ಬರೆಯುತ್ತಿದ್ದಾಗ, ಯಾರಿಗೆ ಬರೀತಿದೀಯೇ ಎಂದು ಕೇಳಿದಳು. ಹೇಳಿದೆ. ಪಕ್ಕದ ಬಾಗಿನದ ಮೇಲೆ ಕೈಯಿಟ್ಟು, "ಕೊಡ್ತಾರಂತಾ?" ಎಂದಳು.

"ಕೊಟ್ಟಾಗೈತೆ ದೊಡ್ಡವ್ವ. ಅವ್ರ ಕಾಲ ಮುಗಿದು ಎಷ್ಟು ದಿನ ಆತು. ಕೋಡಿ ಬಿತ್ತು, ನಿನ್ನ ಹೆಸ್ರು ಹೇಳಿ ಬಿಟ್ರು, ನೀರು ತಗೊಂಡು ಹೋತು."

"ಬಲೆ ಇರಲಿಲ್ವಾ?"

"ಇರಲಿಲ್ಲ."

ಅವಳು ಮಗ್ಗುಲು ಬದಲಿಸಿ ನಿದ್ದೆಹೋದಳು. ನೋಟಿಗರಿಗೆ ದಿನಾ ಸುಳ್ಳು ಹೇಳಿ ಅನ್ನ ತಿಂದವಳು ನಾನು, ದೊಡ್ಡವ್ವನಿಗೆ ಎಂದೂ ಹೇಳಿರಲಿಲ್ಲ. ಇಂದು ಹೇಳಿದ್ದು ಸುಳ್ಳೋ ನಿಜವೋ ನಿಮ್ಮ ಕೈಯಲ್ಲಿದೆ.

ಇಂತು,
ಏರಿಯ ಮೇಲೆ ತಿಪ್ಪಕ್ಕ, ಮನೆಯಲ್ಲಿ ಮಿಹಿರಾ,
ಹಾಲಮ್ಮನ ತಂಗಿಯ ಮಗಳು